ಊರಿಗೊಂದು ತಂಡ, ದ್ವೀಪಕ್ಕೊಂದು ಬಾವುಟ

2004ನೆಯ ಇಸವಿಯ ಆಗಸ್ಟ್ 15ರಂದು ಅಥೆನ್ಸ್ ನಗರದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಬ್ಯಾಸ್ಕೆಟ್‌ಬಾಲ್ ತಂಡವು ತನ್ನ ಮೊದಲನೆಯ ಪಂದ್ಯಕ್ಕಾಗಿ ಅಂಕಣಕ್ಕಿಳಿಯಿತು. ತನ್ನ ಹೆಸರಾಂತ ವೃತ್ತಿ ಆಟಗಾರರನ್ನು 1992ರಲ್ಲಿ ಒಲಿಂಪಿಕ್ಸಿಗೆ ಕಳುಹಿಸಲಾರಂಭಿಸಿದ ಮೇಲೆ ಆ ತಂಡವು ಅಲ್ಲಿ ಒಂದೇ ಒಂದು ಪಂದ್ಯವನ್ನೂ ಸೋತುದಿಲ್ಲ. ಎದುರಾಳಿ ಯಾರೆಂಬುದನ್ನು ಅನೇಕ ಪ್ರೇಕ್ಷಕರು ವಿಚಾರಿಸುವ ಗೋಜಿಗೂ ಹೋಗಿರಲಾರರು. ಆದರೆ ಅರ್ಧ ಆಟ ಮುಗಿಯುವಷ್ಟರಲ್ಲಿ ಅಂಕಫಲಕವು 49-27 ಎಂದು ತೋರಿಸುತ್ತಿತ್ತು. ಮುಂದಿದ್ದುದು ಆ ಎದುರಾಳಿ! ಪಂದ್ಯ ಮುಗಿದಾಗ ಅಮೆರಿಕ 73, ಎದುರಾಳಿ 92. ಇಪ್ಪತ್ತನಾಲ್ಕು ಅಂಕಗಳನ್ನು ಗಳಿಸಿದ್ದ ಕಾರ್ಲೋಸ್ ಅರೊಯೊ ಎಂಬ ತರುಣನು ತನ್ನ ಅಂಗಿಯ ಮೇಲಿದ್ದ ನಾಡಿನ ಹೆಸರನ್ನು ಎರಡು ಕೈಗಳಿಂದಲೂ ಹಿಡಿದೆಳೆದು ಪ್ರೇಕ್ಷಕರಿಗೆ ತೋರಿಸಿದನು. ಆ ಹೆಸರು: ಪೋರ್ಟೊರಿಕೊ.

ಇದು ಆಕಸ್ಮಿಕವೆಂದವರುಂಟು, ಅಮೆರಿಕದ ತಂಡಕ್ಕೆ ಸಿದ್ಧತೆ ಸಾಲದಾಗಿತ್ತೆಂದವರೂ ಉಂಟು. ಎರಡು ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ನಿಜವಿದ್ದೀತು. ಆದರೂ ಭೂಪಟದಲ್ಲಿ ಹುಡುಕಿ ನೋಡಬೇಕಾದಷ್ಟು ಚಿಕ್ಕದಾದ ದ್ವೀಪವೊಂದು ಇಂಥ ತಂಡವನ್ನು ಕಟ್ಟಿದ್ದಾದರೂ ಹೇಗೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಇದಕ್ಕೆ ಉತ್ತರವನ್ನು ಅಥೆನ್ಸಿನ ಅಂಕಣದಲ್ಲಿ ಹುಡುಕಿದರೆ ಸಿಕ್ಕದು. ಎಪ್ಪತ್ತೈದು ವರ್ಷ ಹಿಂದಕ್ಕೆ ಹೋಗಿ, ಆ ದ್ವೀಪದ ಸಣ್ಣಪುಟ್ಟ ಊರುಗಳ ಸಂಜೆಗಳಲ್ಲಿ ಹುಡುಕಬೇಕು.

ಎರಡು ಕೊಡಗಿನಷ್ಟು ನಾಡು

ಕ್ಯಾರಿಬಿಯನ್ ಸಮುದ್ರಕ್ಕೂ ಅಟ್ಲಾಂಟಿಕ್ ಸಾಗರಕ್ಕೂ ನಡುವೆ, ಪೂರ್ವಪಶ್ಚಿಮವಾಗಿ ಮಲಗಿರುವ ಪೋರ್ಟೊರಿಕೊ ದ್ವೀಪದ ಉದ್ದ ಸುಮಾರು 160 ಕಿಲೋಮೀಟರ್. ನಾವು ಬೆಂಗಳೂರಿನಿಂದ ಮೈಸೂರಿಗೆ ಹೋಗಿ, ನಂಜನಗೂಡಿನ ದಾರಿ ಹಿಡಿಯುವಷ್ಟರಲ್ಲಿ ಆ ದ್ವೀಪ ಮುಗಿದೇಹೋಗುತ್ತದೆ. ಅಗಲ ಸುಮಾರು 60 ಕಿಲೋಮೀಟರ್. ವಿಸ್ತೀರ್ಣ ನಮ್ಮ ಕೊಡಗಿನ ಎರಡರಷ್ಟಕ್ಕಿಂತ ತುಸು ಹೆಚ್ಚು. ಇಷ್ಟು ನೆಲದೊಳಗೆ 78 ಪುರಸಭೆಗಳಿವೆ. ನಡುವೆ ಬೆಟ್ಟಸಾಲು, ಸುತ್ತಲೂ ಕಡಲು. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 32 ಲಕ್ಷ 86 ಸಾವಿರ.

ನಾಲ್ಕು ನೂರು ವರ್ಷ ಸ್ಪೇನಿನ ವಶದಲ್ಲಿದ್ದ ಈ ದ್ವೀಪವು 1898ರ ಯುದ್ಧದ ಫಲವಾಗಿ ಅಮೆರಿಕದ ಕೈಸೇರಿತು. 1917ರಲ್ಲಿ ಜನರಿಗೆ ಅಮೆರಿಕದ ಪೌರತ್ವ ದೊರೆಯಿತು. 1952ರಲ್ಲಿ ತನ್ನದೇ ಆದ ಸಂವಿಧಾನವೂ ಬಂದಿತು. ಆದರೆ ಇಂದಿಗೂ ಅದು ಸ್ವತಂತ್ರ ರಾಷ್ಟ್ರವಲ್ಲ, ಅಮೆರಿಕದ ಒಂದು ರಾಜ್ಯವೂ ಅಲ್ಲ. ದ್ವೀಪದಲ್ಲಿ ವಾಸಿಸುವವರು ಅಮೆರಿಕದ ಪ್ರಜೆಗಳಾಗಿದ್ದರೂ ಆ ದೇಶದ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ವಿಶ್ವಸಂಸ್ಥೆಯಲ್ಲಿ ಅವರಿಗೆ ಪೀಠವಿಲ್ಲ; ಹೊರದೇಶಗಳಲ್ಲಿ ರಾಯಭಾರಿಗಳಿಲ್ಲ.

ಆದರೆ ಒಂದೆಡೆ ಮಾತ್ರ ಅವರಿಗೆ ತಮ್ಮದೇ ಬಾವುಟವುಂಟು. 1948ರ ಲಂಡನ್ ಒಲಿಂಪಿಕ್ಸಿನಿಂದ ಮೊದಲುಗೊಂಡು ಪೋರ್ಟೊರಿಕೊ ತನ್ನ ಹೆಸರಿನಲ್ಲಿಯೇ ಕ್ರೀಡಾಕೂಟಗಳಲ್ಲಿ ಭಾಗವಹಿಸುತ್ತ ಬಂದಿದೆ. ಆ ಜನರಿಗೆ ಕ್ರೀಡೆಯೆಂದರೆ ಬರಿಯ ಕಾಲಹರಣವಲ್ಲ ಎಂಬುದು ಈಗ ಓದುಗರಿಗೆ ಅರ್ಥವಾಗಿರಬೇಕು. ಪೀಠವಿಲ್ಲದ ನಾಡಿಗೆ ಆಟದ ಅಂಕಣವೇ ಪೀಠ.

ಬುಟ್ಟಿಚೆಂಡಿನ ಆಗಮನ

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಆಡಿಸುವ ಸಲುವಾಗಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಹಣ್ಣಿನ ಬುಟ್ಟಿಗಳೆರಡನ್ನು ಗೋಡೆಗೆ ಹೊಡೆಸಿ ಈ ಆಟವನ್ನು ಕಂಡುಹಿಡಿದ ಕಥೆಯನ್ನು ಬಹು ಮಂದಿ ಬಲ್ಲರು. ಅಮೆರಿಕದ ಆಡಳಿತ ಬಂದ ಮೇಲೆ ಶಾಲೆಗಳ ಮೂಲಕವೂ ವೈ.ಎಂ.ಸಿ.ಎ. ಸಂಸ್ಥೆಯ ಮೂಲಕವೂ ಆಟವು ಪೋರ್ಟೊರಿಕೊವನ್ನು ಹೊಕ್ಕಿತು. ಚಳಿಗಾಲದ ಆಟವು ಚಳಿಗಾಲವೇ ಇಲ್ಲದ ನಾಡಿನಲ್ಲಿ ಬೇರೂರಿದ್ದು ಒಂದು ವಿನೋದ. ಅಲ್ಲಿಯ ಸ್ಪ್ಯಾನಿಷ್ ಭಾಷಿಕರು ಅದಕ್ಕೆ ‘ಬಲೊನ್ಸೆಸ್ತೊ’ ಎಂದು ಹೆಸರಿಟ್ಟರು. ‘ಬಲೋನ್’ ಎಂದರೆ ಚೆಂಡು, ‘ಸೆಸ್ತೊ’ ಎಂದರೆ ಬುಟ್ಟಿ. ನಮ್ಮಲ್ಲಿ ಕೆಲವರು ‘ಬುಟ್ಟಿಚೆಂಡು’ ಎಂದು ಕರೆದಂತೆಯೇ!

1929ರಲ್ಲಿ ‘ಬಲೊನ್ಸೆಸ್ತೊ ಸುಪೆರಿಯೊರ್ ನಸಿಯೊನಾಲ್’ ಎಂಬ ಹೆಸರಿನಿಂದ ಇಂದು ಪ್ರಸಿದ್ಧವಾಗಿರುವ ಲೀಗ್ ಸ್ಥಾಪಿತವಾಯಿತು. ‘ರಾಷ್ಟ್ರೀಯ ಉನ್ನತ ಬ್ಯಾಸ್ಕೆಟ್‌ಬಾಲ್’ ಎಂಬುದು ಅದರ ಅರ್ಥ. ಜಗತ್ತಿನ ಅತ್ಯಂತ ಶ್ರೀಮಂತ ಬ್ಯಾಸ್ಕೆಟ್‌ಬಾಲ್ ಲೀಗ್ ಎನಿಸಿರುವ ಅಮೆರಿಕದ ಎನ್.ಬಿ.ಎ. ತನ್ನ ಹುಟ್ಟನ್ನು ಎಣಿಸುವುದು 1946ರಿಂದ. ಅಂದರೆ ಈ ವಿಷಯದಲ್ಲಿ ಪುಟ್ಟ ದ್ವೀಪವೇ ಹದಿನೇಳು ವರ್ಷ ಹಿರಿಯದು.

ಏಡಿ ಹಿಡಿಯುವವರು, ಮಾಂತ್ರಿಕರು, ಕಡಲ್ಗಳ್ಳರು

ಈ ಲೀಗಿನ ಮೂಲತತ್ತ್ವ ಬಹಳ ಸರಳವಾದುದು: ತಂಡವೆಂಬುದು ಊರಿನದು. ಕಾರ್ಖಾನೆಯ ಹೆಸರಿನಲ್ಲಾಗಲಿ, ಬ್ಯಾಂಕಿನ ಹೆಸರಿನಲ್ಲಾಗಲಿ ಅಲ್ಲಿ ತಂಡಗಳು ಪ್ರಸಿದ್ಧಿಗೆ ಬರಲಿಲ್ಲ. ಪ್ರತಿಯೊಂದು ತಂಡದ ಉಪನಾಮವೂ ಆಯಾ ಊರಿನ ಸ್ಥಳಪುರಾಣದ ಒಂದು ತುಣುಕು.

ದಕ್ಷಿಣ ತೀರದ ಪೋನ್ಸೆ ಪಟ್ಟಣದವರು ‘ಸಿಂಹಗಳು’. ಪೋನ್ಸೆ ದೆ ಲೆಯೋನ್ ಎಂಬ ಹಳೆಯ ಮನೆತನದ ಹೆಸರಿನಲ್ಲಿ ‘ಲೆಯೋನ್’ ಎಂದರೆ ಸಿಂಹ. ಉತ್ತರ ತೀರದ ಅರೆಸೀಬೊ ಊರಿನವರು ‘ಕ್ಯಾಪ್ಟನ್ನರು’. 1702ರಲ್ಲಿ ದಂಡೆತ್ತಿ ಬಂದ ಇಂಗ್ಲಿಷರನ್ನು ಹಿಮ್ಮೆಟ್ಟಿಸಿದ ಕ್ಯಾಪ್ಟನ್ ಕೊರೆಯಾನ ನೆನಪು ಅದು. ರಾಜಧಾನಿ ಸಾನ್ ಹ್ವಾನ್ ನಗರದ ಸಾಂತುರ್ಸೆ ಬಡಾವಣೆಗೆ ಹಿಂದೆ ಏಡಿಗಳ ಹೆಸರಿತ್ತು. ಆದುದರಿಂದ ಅಲ್ಲಿಯ ತಂಡದವರು ‘ಏಡಿ ಹಿಡಿಯುವವರು’. ಮಾಟಮಂತ್ರದ ಊರೆಂದು ಹೆಸರಾದ ಗ್ವಯಾಮದವರು ‘ಮಾಂತ್ರಿಕರು’. ಬಯಮೋನಿನವರು ‘ದನಗಾಹಿಗಳು’. ವಾಯವ್ಯ ಮೂಲೆಯ ಕೆಬ್ರಾದಿಯಾಸ್ ಎಂಬ ಚಿಕ್ಕ ಊರಿನವರು ‘ಕಡಲ್ಗಳ್ಳರು’! ಊರಿನ ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಕೈಹಾಕದವನು ಊರಿನವನೇ ಅಲ್ಲ ಎಂದು ನಮ್ಮಲ್ಲಿ ಭಾವಿಸುವಂತೆ, ಪಂದ್ಯದ ದಿನ ಕ್ರೀಡಾಂಗಣದ ಕಡೆಗೆ ಸುಳಿಯದವನನ್ನು ಅಲ್ಲಿಯ ಜನ ವಿಚಿತ್ರವಾಗಿ ನೋಡುತ್ತಾರೆ.

ಮೊದಲ ದಶಕಗಳಲ್ಲಿ ಪಂದ್ಯಗಳು ಬಯಲು ಅಂಕಣಗಳಲ್ಲಿ ನಡೆಯುತ್ತಿದ್ದವು. ಮಳೆ ಬಂದರೆ ಆಟ ನಿಲ್ಲುತ್ತಿತ್ತು. ಕಾಲಕ್ರಮದಲ್ಲಿ ಊರೂರಿನಲ್ಲಿಯೂ ಮಾಳಿಗೆಯುಳ್ಳ ಕ್ರೀಡಾಂಗಣಗಳೆದ್ದವು. ಇವುಗಳಲ್ಲಿ ಹೆಚ್ಚಿನವು ಪುರಸಭೆಗಳ ಸ್ವತ್ತು; ತಂಡ ನಡೆಸುವವರು ಬೇರೆ, ಕಟ್ಟಡದ ಒಡೆತನ ಊರಿನದು. ಇವುಗಳಿಗೆ ಇಟ್ಟ ಹೆಸರುಗಳನ್ನು ಗಮನಿಸಬೇಕು. ಪೋನ್ಸೆಯ ಸಭಾಂಗಣಕ್ಕೆ ಹ್ವಾನ್ ‘ಪಚೀನ್’ ವಿಸೆನ್ಸನ ಹೆಸರು. ಬಯಮೋನಿನದಕ್ಕೆ ರೂಬೆನ್ ರೊದ್ರೀಗೆಸನ ಹೆಸರು. ಗ್ವೈನಾಬೊ ಊರಿನದಕ್ಕೆ ಮಾರಿಯೊ ಮೊರಾಲೆಸನ ಹೆಸರು. ಕೆಬ್ರಾದಿಯಾಸಿನದಕ್ಕೆ ರೇಮಂಡ್ ದಲ್ಮೌನ ಹೆಸರು. ಇವರಲ್ಲಿ ಯಾರೂ ಮಂತ್ರಿಗಳಲ್ಲ, ದಾನಿಗಳಲ್ಲ. ಎಲ್ಲರೂ ಆ ಊರಿನ ಅಂಗಿ ತೊಟ್ಟು ಆಡಿದವರು.

ವಿಸೆನ್ಸನ ವಿಷಯವಾಗಿ ಎರಡು ಮಾತು ಹೇಳದಿದ್ದರಾಗದು. ಪೋನ್ಸೆಯ ಈ ಆಟಗಾರನು 1959ರಲ್ಲಿ ಚಿಲಿ ದೇಶದಲ್ಲಿ ನಡೆದ ವಿಶ್ವ ಪಂದ್ಯಾವಳಿಯಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರನೆಂಬ ಮನ್ನಣೆ ಪಡೆದನು. ಮರುವರ್ಷ, 1960ರಲ್ಲಿ, ಪೋರ್ಟೊರಿಕೊ ಮೊದಲ ಬಾರಿಗೆ ಒಲಿಂಪಿಕ್ ಬ್ಯಾಸ್ಕೆಟ್‌ಬಾಲಿಗೆ ಅರ್ಹತೆ ಗಳಿಸಿತು. 1964ರ ಟೋಕಿಯೋ ಕೂಟದಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಅದೇ ತಂಡದ ತಿಯೊಫಿಲೊ ಕ್ರೂಸ್ ಎಂಬಾತನು 1960ರಿಂದ 1976ರವರೆಗೆ ಐದು ಒಲಿಂಪಿಕ್ಸುಗಳಲ್ಲಿ ಆಡಿದನು. ಬ್ಯಾಸ್ಕೆಟ್‌ಬಾಲಿನಲ್ಲಿ ಹಾಗೆ ಐದು ಒಲಿಂಪಿಕ್ಸುಗಳನ್ನು ಕಂಡವರಲ್ಲಿ ಅವನೇ ಮೊದಲಿಗ.

ಮೆಟ್ಟಿಲು ಮೆಟ್ಟಿಲಾಗಿ

ಇಂಥ ಆಟಗಾರರು ತಾವಾಗಿಯೇ ಹುಟ್ಟಿಬರುವುದಿಲ್ಲ. ಅವರನ್ನು ಕೆಳಗಿನಿಂದ ಮೇಲಕ್ಕೆ ಏರಿಸುವ ಏಣಿಯೊಂದು ಬೇಕು.

ಏಣಿಯ ಮೊದಲ ಮೆಟ್ಟಿಲು ಬಡಾವಣೆಯ ಅಂಕಣ. ಪೋರ್ಟೊರಿಕೊದ ಊರು ಊರಿನಲ್ಲಿಯೂ ನಾಲ್ಕು ಕಡೆ ತೆರೆದು ಮೇಲೆ ಮಾತ್ರ ಮಾಡು ಹೊದಿಸಿದ ಸಾರ್ವಜನಿಕ ಅಂಕಣಗಳು ಕಾಣಸಿಗುತ್ತವೆ. ಮಳೆ ಬಿಸಿಲುಗಳಿಗೆ ಅಂಜದೆ ಮಕ್ಕಳು ಆಡುವುದು ಇಲ್ಲಿ. ಎರಡನೆಯ ಮೆಟ್ಟಿಲು ಶಾಲೆ ಮತ್ತು ವಯೋಮಿತಿಯ ಪ್ರಕಾರ ಪಂದ್ಯಾವಳಿ ನಡೆಸುವ ಕಿರಿಯರ ಸಂಘಗಳು. ಮೂರನೆಯದು ವಿಶ್ವವಿದ್ಯಾನಿಲಯಗಳ ಅಂತರ್‌ಕಾಲೇಜು ಕ್ರೀಡಾ ಲೀಗ್; ಇದೂ 1929ರ ಸುಮಾರಿಗೇ ಹುಟ್ಟಿದ್ದು. ಚೆನ್ನಾಗಿ ಆಡುವ ಬಡ ಹುಡುಗನಿಗೆ ವಿದ್ಯಾರ್ಥಿವೇತನ ದೊರೆತು ಪದವಿಯೂ ದಕ್ಕುತ್ತದೆ. ನಾಲ್ಕನೆಯದು ಎರಡನೆಯ ದರ್ಜೆಯ ಲೀಗ್. ಉನ್ನತ ಲೀಗಿನಲ್ಲಿ ತಂಡವಿಲ್ಲದ ಊರುಗಳು ಇಲ್ಲಿ ತಮ್ಮ ಹೆಸರನ್ನು ಉಳಿಸಿಕೊಳ್ಳುತ್ತವೆ. ಎಳೆಯ ಆಟಗಾರರು ಇಲ್ಲಿ ಪಳಗುತ್ತಾರೆ. ಐದನೆಯ ಮೆಟ್ಟಿಲೇ ಉನ್ನತ ಲೀಗ್.

ಉನ್ನತ ಲೀಗಿನ ಒಳಾಡಳಿತ ಕುತೂಹಲಕರವಾಗಿದೆ. 2024ರ ಋತುವಿನಲ್ಲಿ ಅಲ್ಲಿ ಹನ್ನೆರಡು ತಂಡಗಳಿದ್ದು, ಅವನ್ನು ಆರಾರು ತಂಡಗಳ ಎರಡು ಗುಂಪುಗಳಾಗಿ ವಿಂಗಡಿಸಲಾಗಿತ್ತು. ವಸಂತದಿಂದ ಬೇಸಗೆಯವರೆಗೆ ಪ್ರತಿಯೊಂದು ತಂಡವೂ ಮೂವತ್ತಕ್ಕಿಂತ ಹೆಚ್ಚು ಪಂದ್ಯಗಳನ್ನು ಆಡುತ್ತದೆ. ಬಳಿಕ ಮೇಲಿನ ಎಂಟು ತಂಡಗಳು ಉತ್ತರಾರ್ಧಕ್ಕೆ ನಿಲ್ಲುತ್ತವೆ. ಕೊನೆಯಲ್ಲಿ ಉಳಿದ ಎರಡು ತಂಡಗಳ ನಡುವೆ ಏಳು ಪಂದ್ಯಗಳ ಸರಣಿ. ಮೊದಲು ನಾಲ್ಕನ್ನು ಗೆದ್ದವರು ವಿಜಯಿಗಳು.

ದ್ವೀಪ ಚಿಕ್ಕದಾದುದರಿಂದ ಒಂದು ದೊಡ್ಡ ಅನುಕೂಲವುಂಟು. ಎಷ್ಟೇ ದೂರದ ಊರಿಗೆ ಹೋದರೂ ತಂಡದವರು ಸಂಜೆ ಹೊರಟು, ಪಂದ್ಯವಾಡಿ, ಅದೇ ರಾತ್ರಿ ಮನೆಗೆ ಮರಳಿ ಮಲಗಬಹುದು. ವಿಮಾನದ ಖರ್ಚಿಲ್ಲ, ಹೋಟೆಲಿನ ಖರ್ಚಿಲ್ಲ. ಆಟಗಾರರಷ್ಟೇ ಅಲ್ಲ, ಅಭಿಮಾನಿಗಳೂ ಎದುರಾಳಿಯ ಊರಿಗೆ ಹೋಗಿ ಬರಬಹುದು. ದೊಡ್ಡ ದೇಶಗಳ ಲೀಗುಗಳಲ್ಲಿ ಪರ ಊರಿನ ಪಂದ್ಯಕ್ಕೆ ಹೋಗುವವರು ಬೆರಳೆಣಿಕೆಯ ಮಂದಿ. ಇಲ್ಲಿಯೋ ಅರ್ಧ ಕ್ರೀಡಾಂಗಣವನ್ನು ಎದುರಾಳಿಗಳ ಬೆಂಬಲಿಗರೇ ತುಂಬುವುದೂ ಉಂಟು.

ಇನ್ನು ಆಟಗಾರರ ಆಯ್ಕೆಯ ಕ್ರಮ. ಹಣವಂತ ತಂಡವೊಂದು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡರೆ ಲೀಗಿನಲ್ಲಿ ಸ್ವಾರಸ್ಯವೆಲ್ಲಿ? ಆದುದರಿಂದ ಹೊಸಬರನ್ನು ವರ್ಷಕ್ಕೊಮ್ಮೆ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಯಿದೆ. ಹೊರನಾಡಿನ ಆಟಗಾರರಿಗೂ ಅವಕಾಶವುಂಟು; ಅವರನ್ನು ‘ಬಲವರ್ಧಕರು’ ಎಂಬ ಅರ್ಥದ ಪದದಿಂದ ಕರೆಯುತ್ತಾರೆ. ಆದರೆ ತಂಡಕ್ಕೆ ಇಂತಿಷ್ಟೇ ಮಂದಿ ಎಂಬ ಕಟ್ಟುಪಾಡಿದೆ. ಉಳಿದ ಸ್ಥಾನಗಳೆಲ್ಲ ನಾಡಿನವರಿಗೆ ಮೀಸಲು. ಈ ಒಂದು ನಿಯಮದಿಂದಲೇ ರಾಷ್ಟ್ರೀಯ ತಂಡಕ್ಕೆ ಬೇಕಾದ ಆಟಗಾರರು ವರ್ಷ ವರ್ಷವೂ ಕಠಿನ ಪಂದ್ಯಗಳಲ್ಲಿ ಪಳಗಿ ಸಿದ್ಧರಾಗುತ್ತಾರೆ. ಲೀಗು ಬೇರು, ರಾಷ್ಟ್ರೀಯ ತಂಡ ಹೂವು.

ಕಡಲಾಚೆಯ ಮಕ್ಕಳು

‘ನಾಡಿನವರು’ ಎಂದರೆ ಯಾರು? ಈ ಪ್ರಶ್ನೆಗೆ ಲೀಗು ಕೊಟ್ಟ ಉತ್ತರವೇ ಅದರ ಇತಿಹಾಸದ ಅತ್ಯಂತ ಮುಖ್ಯವಾದ ತಿರುವು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕೆಲಸವನ್ನರಸಿ ಲಕ್ಷಾಂತರ ಪೋರ್ಟೊರಿಕನ್ನರು ನ್ಯೂಯಾರ್ಕಿಗೆ ಗುಳೆ ಹೋದರು. ಇಂದು ದ್ವೀಪದಲ್ಲಿರುವವರಿಗಿಂತ ಅಮೆರಿಕದ ಇತರ ಭಾಗಗಳಲ್ಲಿರುವ ಪೋರ್ಟೊರಿಕೊ ಮೂಲದವರೇ ಹೆಚ್ಚು. ನ್ಯೂಯಾರ್ಕಿನ ಬೀದಿಯಂಕಣಗಳಲ್ಲಿ ಈ ವಲಸಿಗರ ಮಕ್ಕಳು ಬಿರುಸಿನ ಆಟವನ್ನು ಕಲಿತರು. ಇಂಗ್ಲಿಷಿನಲ್ಲಿ ಯೋಚಿಸುವ, ಸ್ಪ್ಯಾನಿಷನ್ನು ತಡವರಿಸುತ್ತ ಆಡುವ ಈ ಹುಡುಗರು ನಮ್ಮವರೇ ಅಲ್ಲವೇ? ಹೌದು, ನಮ್ಮವರೇ ಎಂದು ಲೀಗು ನಿರ್ಧರಿಸಿತು. ಹೆತ್ತವರು ದ್ವೀಪದವರಾದರೆ ಮಗನೂ ನಾಡಿನವನೇ.

ಈ ನಿರ್ಧಾರದ ಫಲವನ್ನು ಕೆಬ್ರಾದಿಯಾಸ್ ಊರಿನಲ್ಲಿ ನೋಡಬಹುದು. ಇಂದಿಗೂ ಆ ಊರಿನ ಜನಸಂಖ್ಯೆ 24 ಸಾವಿರಕ್ಕೆ ಮೀರದು. ನಮ್ಮ ಲೆಕ್ಕದಲ್ಲಿ ಅದೊಂದು ಚಿಕ್ಕ ತಾಲ್ಲೂಕು ಪಟ್ಟಣ. 1966ರಲ್ಲಿ, ನ್ಯೂಯಾರ್ಕಿನಲ್ಲಿ ಬೆಳೆದ ರೇಮಂಡ್ ದಲ್ಮೌ ಎಂಬ ಹದಿಹರೆಯದ ಹುಡುಗ ಈ ಊರಿನ ತಂಡವನ್ನು ಸೇರಿದನು. ಇಪ್ಪತ್ತು ಋತುಗಳ ಕಾಲ ಅವನು ಬೇರೆ ಅಂಗಿ ತೊಡಲಿಲ್ಲ. 1970ರಲ್ಲಿ ಊರಿಗೆ ಮೊದಲ ವಿಜಯ ದೊರೆಯಿತು. 1977, 1978, 1979ರಲ್ಲಿ ಸತತ ಮೂರು ಬಾರಿ ‘ಕಡಲ್ಗಳ್ಳರು’ ಗೆದ್ದರು. ಅದೇ ತಂಡದ ನೆಫ್ತಲಿ ರಿವೆರಾ ಎಂಬಾತನು 1974ರಲ್ಲಿ ಒಂದೇ ಪಂದ್ಯದಲ್ಲಿ 79 ಅಂಕಗಳನ್ನು ಗಳಿಸಿ ಲೀಗಿನ ದಾಖಲೆ ನಿರ್ಮಿಸಿದನು. ದೂರದಿಂದ ಎಸೆದರೆ ಮೂರು ಅಂಕವೆಂಬ ನಿಯಮ ಆಗ ಇನ್ನೂ ಬಂದಿರಲಿಲ್ಲವೆಂಬುದನ್ನು ನೆನಪಿಡಬೇಕು. ಆ ಕಾಲದಲ್ಲಿ ಬಯಮೋನ್‌ನಂಥ ದೊಡ್ಡ ಪಟ್ಟಣವು 1971ರಿಂದ 1975ರವರೆಗೆ ಸತತ ಐದು ಬಾರಿ ಗೆದ್ದು ಮೆರೆಯುತ್ತಿತ್ತು. ಅಂಥ ಎದುರಾಳಿಗೆ ಚಿಕ್ಕ ಊರೊಂದು ತಲೆಬಾಗದೆ ನಿಂತಿತೆಂಬುದೇ ಲೀಗಿನ ಜೀವಾಳ.

1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಕಡಲಾಚೆಯ ಇನ್ನೊಬ್ಬ ಮಗ ಜಗತ್ತಿನ ಗಮನ ಸೆಳೆದನು. ದ್ವೀಪದಲ್ಲಿ ಹುಟ್ಟಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬೆಳೆದ ಬಚ್ ಲೀ ಎಂಬ ಕಾಲೇಜು ವಿದ್ಯಾರ್ಥಿ ಅಮೆರಿಕದ ಎದುರು 35 ಅಂಕ ಗಳಿಸಿದನು. ಅಮೆರಿಕ 95, ಪೋರ್ಟೊರಿಕೊ 94! ಒಂದೇ ಅಂಕದಿಂದ ಕೈತಪ್ಪಿದ ಆ ಜಯಕ್ಕೆ ದ್ವೀಪವು ಅಥೆನ್ಸಿನವರೆಗೆ, ಅಂದರೆ ಇಪ್ಪತ್ತೆಂಟು ವರ್ಷ, ಕಾಯಬೇಕಾಯಿತು. ನಡುವೆ 1990ರ ವಿಶ್ವ ಪಂದ್ಯಾವಳಿಯಲ್ಲಿ ನಾಲ್ಕನೆಯ ಸ್ಥಾನವೂ, 1991ರ ಪ್ಯಾನ್ ಅಮೆರಿಕನ್ ಕೂಟದಲ್ಲಿ ಚಿನ್ನವೂ ಬಂದವು.

ಗುರುಗಳು ಕಲಿತ ಶಾಲೆ

ಎನ್.ಬಿ.ಎ. ಪಂದ್ಯಗಳು ನಡೆಯುವುದು ಚಳಿಗಾಲದಲ್ಲಿ; ಪೋರ್ಟೊರಿಕೊದ ಋತು ನಡೆಯುವುದು ಬಹುಮಟ್ಟಿಗೆ ಬೇಸಗೆಯಲ್ಲಿ. ಇದರಿಂದಾಗಿ ಅಮೆರಿಕದ ತರಬೇತುದಾರರು ಬಿಡುವಿನ ತಿಂಗಳುಗಳಲ್ಲಿ ದ್ವೀಪಕ್ಕೆ ಬಂದು ಕೆಲಸ ಮಾಡುವುದು ಸಾಧ್ಯವಾಯಿತು. ನ್ಯೂಯಾರ್ಕ್ ತಂಡಕ್ಕೆ 1970 ಮತ್ತು 1973ರಲ್ಲಿ ಎನ್.ಬಿ.ಎ. ಪ್ರಶಸ್ತಿ ತಂದುಕೊಟ್ಟ ರೆಡ್ ಹೋಲ್ಜ್‌ಮನ್ ಅದಕ್ಕೆ ಮುಂಚೆ ಪೋನ್ಸೆಯ ‘ಸಿಂಹ’ಗಳನ್ನು ಪಳಗಿಸಿದವರು. 1981ರಲ್ಲಿ ಹ್ಯೂಸ್ಟನ್ ತಂಡವನ್ನು ಎನ್.ಬಿ.ಎ. ಅಂತಿಮ ಸರಣಿಗೆ ಕೊಂಡೊಯ್ದ ಡೆಲ್ ಹ್ಯಾರಿಸ್ ಕೂಡ ಈ ಲೀಗಿನಲ್ಲಿ ಏಳು ವರ್ಷ ದುಡಿದವರೇ. ತರಬೇತುದಾರರಾಗಿ ಹನ್ನೊಂದು ಎನ್.ಬಿ.ಎ. ಪ್ರಶಸ್ತಿಗಳನ್ನು ಗೆದ್ದ ಫಿಲ್ ಜಾಕ್ಸನ್, ಹೆಸರು ಮಾಡುವುದಕ್ಕೆ ಮೊದಲು, 1980ರ ದಶಕದ ನಡುಭಾಗದಲ್ಲಿ ಬೇಸಗೆಯ ತಿಂಗಳುಗಳನ್ನು ಈ ದ್ವೀಪದ ಊರುಗಳಲ್ಲಿ ಕಳೆದರು. ಕೆಬ್ರಾದಿಯಾಸಿಗೂ ಅವರು ಗುರುವಾಗಿದ್ದರು. ಸಾವಿರಾರು ಮಂದಿ ಕೂಗುತ್ತಿರುವ ಕಿರಿದಾದ ಕ್ರೀಡಾಂಗಣದಲ್ಲಿ, ಭಾಷೆ ಬಾರದ ಊರಿನಲ್ಲಿ, ಗೆಲ್ಲದಿದ್ದರೆ ನಾಳೆಯೇ ಕೆಲಸವಿಲ್ಲವೆಂಬ ಸ್ಥಿತಿಯಲ್ಲಿ ತಂಡ ನಡೆಸುವುದು ಸಾಮಾನ್ಯ ವಿದ್ಯಾಭ್ಯಾಸವಲ್ಲ.

ಹೆಣ್ಣುಮಕ್ಕಳ ಆಟಕ್ಕೆ ಇಷ್ಟು ಕಾಲದ, ಇಷ್ಟು ಅಖಂಡವಾದ ಆಶ್ರಯ ದೊರೆತಿಲ್ಲವೆಂಬುದನ್ನು ಒಪ್ಪಬೇಕು. ಆದರೂ ಅವರ ಪ್ರತ್ಯೇಕ ಉನ್ನತ ಲೀಗು ಇದೆ. ಪೋರ್ಟೊರಿಕೊದ ಮಹಿಳೆಯರು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿಗೆ ಮೊದಲ ಬಾರಿ ಅರ್ಹತೆ ಪಡೆದರು. 2022ರ ವಿಶ್ವ ಪಂದ್ಯಾವಳಿಯಲ್ಲಿ ಅಂತಿಮ ಎಂಟರ ಘಟ್ಟವನ್ನು ಮುಟ್ಟಿದರು. 2024ರಲ್ಲಿ ಪ್ಯಾರಿಸ್ಸಿಗೂ ಹೋದರು. ಸ್ವಲ್ಪ ನೀರೆರೆದರೆ ಎಷ್ಟು ಬೇಗ ಚಿಗುರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಬಿರುಗಾಳಿ ಮತ್ತು ಬೊಕ್ಕಸ

ಇಷ್ಟೆಲ್ಲ ಹೇಳಿದ ಮೇಲೆ ಈ ಲೀಗಿಗೆ ಕಷ್ಟವೇ ಇಲ್ಲವೆಂದು ಯಾರೂ ತಿಳಿಯಬಾರದು. ಊರುಗಳ ಮೇಲೆ ನಿಂತ ಸಂಸ್ಥೆಗೆ ಊರುಗಳೇ ಬರಿದಾಗತೊಡಗಿದರೆ ಗತಿಯೇನು?

2010ರ ಜನಗಣತಿಗೂ 2020ರ ಜನಗಣತಿಗೂ ನಡುವೆ ಪೋರ್ಟೊರಿಕೊ ಸುಮಾರು 4 ಲಕ್ಷ 40 ಸಾವಿರ ಜನರನ್ನು ಕಳೆದುಕೊಂಡಿತು. ಎಂದರೆ ನೂರಕ್ಕೆ ಹನ್ನೆರಡರಷ್ಟು. ಸಾಲದ ಹೊರೆ ತಾಳಲಾರದೆ 2017ರ ಮೇ ತಿಂಗಳಿನಲ್ಲಿ ಸರ್ಕಾರವು ದಿವಾಳಿಯ ರೀತಿಯ ನ್ಯಾಯಾಲಯದ ರಕ್ಷಣೆಯನ್ನು ಬೇಡಿತು. ಅದೇ ವರ್ಷ ಸೆಪ್ಟೆಂಬರ್ 20ರಂದು ‘ಮರಿಯಾ’ ಎಂಬ ಚಂಡಮಾರುತ ದ್ವೀಪವನ್ನು ಅಡ್ಡಹಾಯಿತು. ಸರ್ಕಾರವು ಬಳಿಕ ಒಪ್ಪಿಕೊಂಡ ಲೆಕ್ಕದಂತೆ 2,975 ಜೀವಗಳು ಹೋದವು. ಕೆಲವು ಮನೆಗಳಿಗೆ ವಿದ್ಯುತ್ತು ಮರಳಲು ಸುಮಾರು ಒಂದು ವರ್ಷ ಹಿಡಿಯಿತು. ಆಟದ ಮನೆಗಳು ಆಗ ಬೇರೆ ಕೆಲಸಕ್ಕೆ ಒದಗಿದವು. ಸಾನ್ ಹ್ವಾನಿನ ರೊಬೆರ್ತೊ ಕ್ಲೆಮೆಂತೆ ಕ್ರೀಡಾಂಗಣವು ಪರಿಹಾರ ಸಾಮಗ್ರಿಯ ಉಗ್ರಾಣವಾಯಿತು. ಮಯಗ್ವೆಸ್ ಊರಿನಲ್ಲಿ ಹುಟ್ಟಿ ಎನ್.ಬಿ.ಎ.ಯಲ್ಲಿ ಆಡುತ್ತಿದ್ದ ಹೊಸೆ ಹ್ವಾನ್ ಬರೆಯಾ ತನ್ನ ತಂಡದ ವಿಮಾನವನ್ನೇ ಎರವಲು ಪಡೆದು ಔಷಧ, ನೀರು, ಆಹಾರಗಳನ್ನು ನಾಡಿಗೆ ಹೊತ್ತು ತಂದನು.

ಜನ ಕಡಿಮೆಯಾದರೆ ಟಿಕೆಟ್ಟು ಕೊಳ್ಳುವವರು ಕಡಿಮೆ. ಪುರಸಭೆಯ ಬೊಕ್ಕಸ ಬರಿದಾದರೆ ಕ್ರೀಡಾಂಗಣದ ದೀಪಕ್ಕೂ ದುರಸ್ತಿಗೂ ಹಣವಿಲ್ಲ. ಆಗ ತಂಡದ ಒಡೆಯನು ಹೆಚ್ಚು ಜನವಿರುವ ಊರನ್ನು ಹುಡುಕುತ್ತಾನೆ. ಗ್ವಯಾಮ, ಇಸಬೆಲಾ, ಉಮಕಾವೊ, ಫಹಾರ್ದೊ ಮುಂತಾದ ಊರುಗಳು ಒಂದಲ್ಲ ಒಂದು ಕಾಲದಲ್ಲಿ ಉನ್ನತ ಲೀಗಿನ ತಂಡವನ್ನು ಹೊಂದಿದ್ದವು. 2024ರ ಹನ್ನೆರಡರ ಪಟ್ಟಿಯಲ್ಲಿ ಇವುಗಳ ಹೆಸರಿಲ್ಲ. ಕ್ರೀಡಾಂಗಣವಿದೆ, ಹೆಸರಿದೆ, ಸಂಜೆಯ ದೀಪವಿಲ್ಲ. ಬೊಂಬೆ ಕೂರಿಸದ ನವರಾತ್ರಿಯಂತೆ ಆ ಊರುಗಳಲ್ಲಿ ಬೇಸಗೆ ಬಂದು ಹೋಗುತ್ತದೆ.

ಈಚಿನ ವರ್ಷಗಳಲ್ಲಿ ಹೊಸ ಹಣ ಹರಿದುಬಂದಿದೆ ಎಂಬುದೂ ನಿಜ. ಜಗದ್ವಿಖ್ಯಾತನಾದ ಗಾಯಕ ಬ್ಯಾಡ್ ಬನಿ ಸಾಂತುರ್ಸೆಯ ‘ಏಡಿ ಹಿಡಿಯುವವರ’ ಪಾಲುದಾರನಾದನು. ಕೆಲವು ವರ್ಷ ನಿಂತುಹೋಗಿದ್ದ ಆ ತಂಡ 2021ರಲ್ಲಿ ಮತ್ತೆ ಅಂಕಣಕ್ಕಿಳಿಯಿತು. ಬೇರೆ ಗಾಯಕರೂ ಹಿಂಬಾಲಿಸಿದರು. 2023ರಲ್ಲಿ ಎನ್.ಬಿ.ಎ.ಯ ಹಿಂದಿನ ತಾರೆ ಡಿಮಾರ್ಕಸ್ ಕಸಿನ್ಸ್ ಗ್ವೈನಾಬೊ ತಂಡಕ್ಕೆ ಬಂದು ಆಡಿದನು. ತರುಣ ಪ್ರೇಕ್ಷಕರು ಹೊಸದಾಗಿ ಕ್ರೀಡಾಂಗಣಗಳತ್ತ ಹರಿದರು. ಇದು ಸಂತೋಷದ ಸಂಗತಿಯೇ. ಆದರೆ ಹಣದ ಸ್ವಭಾವವೇ ದೊಡ್ಡ ಊರಿನ ಕಡೆಗೆ ಹರಿಯುವುದು. ತಾರೆಯರು ಬರುತ್ತಾರೆ, ಹೋಗುತ್ತಾರೆ. ಬಡಾವಣೆಯ ಅಂಕಣದಲ್ಲಿ ಚೆಂಡು ಪುಟಿಸುವ ಹುಡುಗನಿಗೆ ತನ್ನ ಊರಿನ ಅಂಗಿ ತೊಡುವ ಕನಸು ಇಲ್ಲದೆ ಹೋದರೆ ಏಣಿಯ ಮೊದಲ ಮೆಟ್ಟಿಲೇ ಮುರಿದಂತೆ.

ಈ ಆತಂಕಕ್ಕೆ ಎದುರಾಗಿ ಆಶೆ ಹುಟ್ಟಿಸುವ ಸಂಗತಿಗಳೂ ಇಲ್ಲದಿಲ್ಲ. ಪಶ್ಚಿಮದ ಸಣ್ಣ ಊರಾದ ಅಗ್ವಾದಾ 2019ರಲ್ಲಿ ಲೀಗನ್ನು ಗೆದ್ದಿತು. ಕೆಬ್ರಾದಿಯಾಸಿನ ‘ಕಡಲ್ಗಳ್ಳರು’ 2013ರಲ್ಲಿ, ಮತ್ತೆ 2017ರಲ್ಲಿ ವಿಜಯಿಗಳಾದರು. 2023ರಲ್ಲಿ ಕಾರೊಲೀನಾ ತನ್ನ ಇತಿಹಾಸದ ಮೊದಲ ಪ್ರಶಸ್ತಿಯನ್ನು ಪಡೆಯಿತು. 2024ರಲ್ಲಿ ಕಾಗ್ವಾಸ್ ಗೆದ್ದಿತು. ಯಾರೊಬ್ಬರೂ ಲೀಗನ್ನು ಗುತ್ತಿಗೆ ಹಿಡಿದಿಲ್ಲ.

ಅಥೆನ್ಸಿನ ಗೆಲುವಿನ ಬಳಿಕ ಪೋರ್ಟೊರಿಕೊದ ಪುರುಷರ ತಂಡ ಇಪ್ಪತ್ತು ವರ್ಷ ಒಲಿಂಪಿಕ್ಸಿನ ಮುಖ ಕಾಣಲಿಲ್ಲ. 2024ರ ಜುಲೈ ತಿಂಗಳಿನಲ್ಲಿ ಅರ್ಹತಾ ಪಂದ್ಯಾವಳಿ ಸಾನ್ ಹ್ವಾನಿನಲ್ಲಿಯೇ ನಡೆಯಿತು. ಅಂತಿಮ ಪಂದ್ಯದ ಎದುರಾಳಿ, ಈ ಆಟದಲ್ಲಿ ಹೆಸರುವಾಸಿಯಾದ ಲಿಥುವೇನಿಯಾ. ನ್ಯೂಯಾರ್ಕಿನಲ್ಲಿ ಹುಟ್ಟಿದ, ತಾಯಿಯ ಕಡೆಯಿಂದ ದ್ವೀಪಕ್ಕೆ ಸೇರಿದ ಹೊಸೆ ಅಲ್ವರಾದೊ ತಂಡದ ಮುಂದಾಳು. ಪೋರ್ಟೊರಿಕೊ 79-68ರಿಂದ ಗೆದ್ದಿತು. ಪ್ಯಾರಿಸ್ಸಿನಲ್ಲಿ ಆಡಿದ ಮೂರು ಪಂದ್ಯಗಳನ್ನೂ ಸೋತು ತಂಡ ಹಿಂದಿರುಗಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಉದ್ಘಾಟನೆಯ ದಿನ ಬಾವುಟಗಳ ಸಾಲಿನಲ್ಲಿ ಒಂಟಿ ನಕ್ಷತ್ರದ ಆ ಬಾವುಟವೂ ಇದ್ದಿತು.

ಒಂದು ನಾಡಿನ ಆಟವನ್ನು ಬೆಳೆಸುವುದಕ್ಕೆ ರಾಜಧಾನಿಯಲ್ಲಿ ಭವ್ಯ ಕ್ರೀಡಾಂಗಣ ಕಟ್ಟಿದರೆ ಸಾಲದು. ಪ್ರಶಸ್ತಿ ಗೆದ್ದವರಿಗೆ ಬಹುಮಾನ ಕೊಟ್ಟರೂ ಸಾಲದು. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಪೋರ್ಟೊರಿಕೊ ತೊಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಆಚರಣೆಯಲ್ಲಿ ತೋರಿಸಿದೆ. ಊರೆಂಬ ಹನಿ ಬತ್ತದಂತೆ ಕಾಯ್ದುಕೊಳ್ಳುವುದೇ ಇನ್ನು ಮುಂದಿನ ಅದರ ಪಂದ್ಯ. ಅದನ್ನು ಆಡಬೇಕಾದವರು ಅಂಕಣದ ಹೊರಗಿದ್ದಾರೆ: ಪುರಸಭೆಯ ಸದಸ್ಯರು, ತಂಡಗಳ ಒಡೆಯರು, ಸಂಜೆಯ ಹೊತ್ತು ಮಕ್ಕಳ ಕೈಹಿಡಿದು ಪಂದ್ಯಕ್ಕೆ ಹೊರಡುವ ತಂದೆತಾಯಿಗಳು.